ಸಿಗರೇಟ್ ಬಿಟ್ಟಾಯ್ತು, ಈಗ ನಿಕೋಟಿನ್ ಗಮ್ ಬಿಡೋದು ಹೇಗೆ?

ಮಳೆಹನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಿಗರೇಟ್ ಬಿಡೋದ್ರ ಬಗ್ಗೆ ಇಲ್ಲಿ ತುಂಬ ಜನ ಬರ್ದಿದಾರೆ, ಆದ್ರೆ ಸಿಗರೇಟ್ ಬಿಡೋಕೆ ಅಂತ ಹಿಡ್ಕೊಂಡಿದ್ದನ್ನ ಬಿಡೋದು ಹೇಗೆ ಅಂತ ಎಲ್ಲೂ ಸರಿಯಾಗಿ ಸಿಗ್ಲಿಲ್ಲ, ಅದಕ್ಕೇ ಕೇಳ್ತಿದೀನಿ. ಕಾಲೇಜಲ್ಲಿದ್ದಾಗಿಂದ ಸೇದ್ತಿದ್ದೆ, ದಿನಕ್ಕೆ ಒಂದು ಪ್ಯಾಕ್ ಹತ್ರ ಹತ್ರ ಹೋಗ್ತಿತ್ತು, ಎದ್ದು ಹಲ್ಲುಜ್ಜೋಕೆ ಮುಂಚೆನೇ ಒಂದು ಬೇಕಿತ್ತು. ಡಾಕ್ಟರ್ 4 ಮಿಲಿಗ್ರಾಂ ಗಮ್ ಬರ್ಕೊಟ್ರು, ಅದ್ರ ಮೇಲೇ ಸಿಗರೇಟ್ ಬಿಟ್ಟೆ. ವರ್ಷದ ಮೇಲಾಯ್ತು, ಒಂದು ದಮ್ ಕೂಡ ಎಳ್ದಿಲ್ಲ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರಲ್ಲ, ಬೆಳಗಿನ ಕೆಮ್ಮು ಹೋಯ್ತು, ಮೂಗಿಗೆ ವಾಸನೆ ಗೊತ್ತಾಗ್ತಿದೆ. ಇದಕ್ಕೆಲ್ಲ ನಿಜವಾಗ್ಲೂ ತುಂಬ ಖುಷಿ ಇದೆ.

ಆದ್ರೆ ಗಮ್ ಹೋಗಿಲ್ಲ. 4ರಿಂದ 2 ಮಿಲಿಗ್ರಾಂಗೆ ಇಳಿದೆ, ಅಲ್ಲಿಗೆ ನಿಂತೋಯ್ತು. ದಿನಕ್ಕೆ ಹತ್ತು ಹನ್ನೆರಡು ಆಗತ್ತೆ. ಅದ್ರಲ್ಲಿ ಎಷ್ಟೋ ಸಲ ಬಾಯಲ್ಲಿ ಗಮ್ ಇದೆ ಅಂತ್ಲೇ ಗೊತ್ತಿರಲ್ಲ, ಯಾವಾಗ ಹಾಕ್ಕೊಂಡೆ ಅಂತ ನೆನಪೂ ಇರಲ್ಲ. ಪೂರ್ತಿ ನಿಲ್ಸೋಣ ಅಂತ ಹೊರಟಾಗೆಲ್ಲ ಮಧ್ಯಾಹ್ನದ ಹೊತ್ತಿಗೆ ತಲೆ ಭಾರ, ಓದಿದ ಸಾಲನ್ನೇ ಮತ್ತೆ ಓದ್ತಿರ್ತೀನಿ, ಸಂಜೆಯಾಗೋದ್ರೊಳಗೆ ಮನೇಲಿ ಯಾರು ಮಾತಾಡ್ಸಿದ್ರೂ ಸಿಡುಕ್ತೀನಿ, ಆಮೇಲೆ ಭಯ ಶುರುವಾಗತ್ತೆ, ಈ ಗಮ್ ಬಿಡೋಕೆ ಹೋಗಿ ಎಲ್ಲಿ ಮತ್ತೆ ಸಿಗರೇಟಿಗೆ ಕೈ ಹಾಕ್ಬಿಡ್ತೀನೋ ಅಂತ, ಆ ಭಯಕ್ಕೇ ಇನ್ನೊಂದು ಬಾಯಿಗೆ ಹೋಗತ್ತೆ. ದವಡೆ ನೋಯತ್ತೆ, ಆಗಾಗ ಬಿಕ್ಕಳಿಕೆ, ಎದೆ ಉರಿನೂ ಇದೆ. ಮನೆಯವಳು "ಒಂದು ಬಿಟ್ಟು ಇನ್ನೊಂದು ಹಿಡ್ಕೊಂಡ್ರಿ ಅಷ್ಟೇ" ಅಂತಾಳೆ, ನೋಯಿಸ್ಬೇಕು ಅಂತ ಹೇಳೋದಲ್ಲ, ಆದ್ರೂ ಚುಚ್ಚತ್ತೆ.

ಇಷ್ಟು ದಿನ ಗಮ್ ಅಗಿಯೋದ್ರಿಂದ ತೊಂದ್ರೆ ಇದ್ಯಾ? ಬಿಟ್ಟವರು ಹೇಗೆ ಬಿಟ್ರಿ? ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚ್‌ಗೆ ಹೋಗಿ ಅಲ್ಲಿಂದ ಇಳಿಯೋದು ಸುಲಭನಾ? ದಯವಿಟ್ಟು ಅನುಭವ ಇರೋರು ಹೇಳಿ.

ಹಳೇಬೇರು ಉತ್ತರ:

ಮಳೆಹನಿಯವರೇ, ಮೊದ್ಲು ಒಂದು ಮಾತು. ವರ್ಷದ ಮೇಲೆ ಒಂದು ದಮ್ ಕೂಡ ಎಳ್ದಿಲ್ಲ ಅಂದ್ರೆ ದೊಡ್ಡ ಕೆಲ್ಸ ಮುಗಿಸಿದೀರ, ಅದನ್ನ ಯಾರೂ ಸಣ್ಣದು ಮಾಡೋಕೆ ಬಿಡ್ಬೇಡಿ, ನೀವೂ ಮಾಡ್ಬೇಡಿ. ಹೊಗೆ ಒಳಗೆ ಹೋಗೋದು ನಿಂತಿದೆ. ಗಮ್ ಇನ್ನೂ ಇರೋದು ಬೇರೆ ವಿಷಯ, ಅದನ್ನ ನಿಧಾನಕ್ಕೆ ನೋಡ್ಕೋಬಹುದು.

ನಾನೂ ಗಮ್ ಮೇಲೆ ಬಹಳ ಕಾಲ ಇದ್ದೋನು, ಈಗ ಅದೂ ಇಲ್ಲ. ನನಗೆ ದಾರಿ ತೋರ್ಸಿದ್ದು ಒಂದು ಚೀಟಿ. ಒಂದು ವಾರ ಏನೂ ಕಡಿಮೆ ಮಾಡೋಕೆ ಹೋಗ್ಲಿಲ್ಲ, ಪ್ರತಿ ಸಲ ಗಮ್ ತೆಗೆಯೋವಾಗ ಟೈಮ್ ಬರ್ದು, ಪಕ್ಕದಲ್ಲಿ ಯಾಕೆ ಅಂತ ಒಂದು ಪದ ಬರೀತಿದ್ದೆ. ಬೆಳಗ್ಗೆ ಎದ್ದಾಗಿನದು, ಊಟ ಆದ್ಮೇಲಿನದು, ಇವು ಮೈ ಕೇಳೋವು. ಫೋನಲ್ಲಿ ಮಾತಾಡ್ತಾ, ಗಾಡಿ ಓಡಿಸ್ತಾ, ಕಂಪ್ಯೂಟರ್ ಮುಂದೆ ಕೂತಾಗ ಹಾಕ್ಕೊಳೋದು ಕೈ ತಾನಾಗೇ ಹೋಗೋವು. ಇನ್ನು ಕೆಲವು ಬರೀ ಭಯಕ್ಕೆ, ಮೀಟಿಂಗ್ ಇದೆ, ಮಧ್ಯದಲ್ಲಿ ತಲುಬು ಬಂದ್ರೆ ಏನ್ಮಾಡೋದು ಅಂತ ಮೊದ್ಲೇ ಹಾಕ್ಕೊಳೋದು. ನೀವು "ಯಾವಾಗ ಹಾಕ್ಕೊಂಡೆ ಅಂತ ನೆನಪಿರಲ್ಲ" ಅಂದ್ರಲ್ಲ, ಅಲ್ಲಿಂದ್ಲೇ ಶುರು ಮಾಡಿ. ನೆನಪೇ ಇಲ್ಲದ್ದನ್ನ ತೆಗೆದ್ರೆ ನೋವು ಕಮ್ಮಿ. ಆ ಜಾಗಕ್ಕೆ ಸಕ್ಕರೆ ಇಲ್ಲದ ಸಾದಾ ಚ್ಯೂಯಿಂಗ್ ಗಮ್ ಹಾಕಿ, ಬಾಯಿಗೆ ಕೆಲಸ ಬೇಕು ಅಷ್ಟೇ. ಬೆಳಗಿನದನ್ನ ಮಾತ್ರ ಕೊನೆಗೆ ಇಟ್ಕೊಳಿ, ಅದಕ್ಕೆ ಮೊದ್ಲೇ ಕೈ ಹಾಕಿದ್ರೆ ಇಡೀ ದಿನ ಕೆಡತ್ತೆ.

ಆಮೇಲೆ ಅರ್ಧ ಮಾಡ್ಕೊಳೋದು. 2 ಮಿಲಿಗ್ರಾಂ ಗಮ್ಮನ್ನ ಚಾಕುವಲ್ಲಿ ಎರಡು ತುಂಡು ಮಾಡಿ ಡಬ್ಬೀಲಿಟ್ಟಿದ್ದೆ. ಅರ್ಧಕ್ಕೆ ಅರ್ಧ ಸಾದಾ ಗಮ್ ಸೇರಿಸಿ ಅಗಿದ್ರೆ ಬಾಯಿಗೆ ವ್ಯತ್ಯಾಸ ಅಷ್ಟು ಗೊತ್ತಾಗಲ್ಲ. ಒಂದು ಮಟ್ಟಕ್ಕೆ ಇಳಿದ್ರೆ ಅದು ಮಾಮೂಲಿ ಆಗೋವರೆಗೂ ಅಲ್ಲೇ ನಿಲ್ಲಿ. ಮನೇಲಿ ಜಗಳ, ಆಫೀಸಲ್ಲಿ ಒತ್ತಡ, ಯಾರಿಗೋ ಹುಷಾರಿಲ್ಲ ಅಂತ ಇರೋ ವಾರ ಇಳೀಬೇಡಿ, ಆದ್ರೆ ಮೇಲಕ್ಕೂ ಹೋಗ್ಬೇಡಿ, ಇದ್ದಲ್ಲೇ ಇರಿ. ಕ್ಯಾಲೆಂಡರ್ ಇಟ್ಕೊಂಡು ಓಡ್ದೋರು ಸುಸ್ತಾಗಿ ವಾಪಸ್ ಹೋಗೋದನ್ನ ನೋಡಿದೀನಿ.

ನೇರನುಡಿ ಉತ್ತರ:

ಬೇರೆ ಥರ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ನಿಕೋಟಿನ್ ಒಳಗೆ ಹೋಗ್ತಿರೋ ತನಕ ಚಟ ಹೋಗಲ್ಲ, ಸಿಗರೇಟಲ್ಲಿ ಹೋದ್ರೇನು ಗಮ್ಮಲ್ಲಿ ಹೋದ್ರೇನು. ನಮ್ಮಣ್ಣ ಒಂದೇ ದಿನದಲ್ಲಿ ಎಲ್ಲ ನಿಲ್ಸಿದ, ನಾಲ್ಕೈದು ದಿನ ಮುಖ ಕೊಟ್ಟು ಮಾತಾಡೋ ಹಾಗಿರ್ಲಿಲ್ಲ, ಅಷ್ಟೇ, ಆಮೇಲೆ ಇವತ್ತಿನವರೆಗೂ ಆ ಕಡೆ ತಿರುಗಿ ನೋಡಿಲ್ಲ. ಸ್ವಲ್ಪ ಸ್ವಲ್ಪ ಕಡಿಮೆ ಮಾಡೋದಕ್ಕಿಂತ ಒಂದೇ ಸಲ ಬಿಟ್ಟೋರೇ ಹೆಚ್ಚು ಗೆದ್ದಿದಾರೆ ಅಂತ ಸಂಶೋಧನೆನೂ ಇದೆ. ಇದೆಲ್ಲ ಎಳೆದಷ್ಟೂ ಕಂಪನಿಯವರಿಗೇ ಲಾಭ. ಒಂದು ವಾರ ರಜೆ ಹಾಕಿ, ಗಮ್ ಎಸೀರಿ, ನೀರು ಕುಡೀರಿ, ಓಡಾಡಿ, ಮುಗೀತು.

ಔಷಧಿಚೀಟಿ ಉತ್ತರ:

ನಾನು ಫಾರ್ಮಸಿಸ್ಟ್, ಸಿಗರೇಟ್ ಬಿಡೋರ ಜೊತೆ ದಿನಾ ಮಾತಾಡೋ ಕೆಲ್ಸ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನಿಮ್ಮನ್ನ ನೋಡದೆ ಬರೀತಿರೋದ್ರಿಂದ ಇದನ್ನ ನಿಮ್ಮ ಡಾಕ್ಟರ್ ಹತ್ರ ತಗೊಂಡೋಗಿ ಮಾತಾಡಿ.

ನೇರನುಡಿಯವರು ಹೇಳಿದ ಸಂಶೋಧನೆ ನಿಜ. 2016ರಲ್ಲಿ ಬಂದಿದ್ದು, ಇಂಗ್ಲೆಂಡಲ್ಲಿ ಸುಮಾರು 700 ಜನರ ಮೇಲೆ ಮಾಡಿದ್ರು. ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಸಿದವರಲ್ಲಿ 4 ವಾರದ ಹೊತ್ತಿಗೆ 49% ಜನ ಸೇದದೆ ಉಳಿದಿದ್ರು, ಎರಡು ವಾರ ಕಡಿಮೆ ಮಾಡ್ತಾ ಬಂದು ನಿಲ್ಸಿದವರಲ್ಲಿ 39%. ಆದ್ರೆ ಅಲ್ಲಿ ಒಂದೇ ಸಲ ಬಿಟ್ಟಿದ್ದು ಸಿಗರೇಟನ್ನ. ಎರಡೂ ಗುಂಪಿಗೂ ಪ್ಯಾಚ್, ಗಮ್ ಥರದ್ದನ್ನ ಕೊಟ್ಟಿದ್ರು. ಅಂದ್ರೆ ಹೊಗೆ ತಕ್ಷಣ ನಿಲ್ಲಿಸಿ, ನಿಕೋಟಿನ್ ನಿಧಾನಕ್ಕೆ ಇಳಿಸಿ ಅನ್ನೋ ದಾರಿಗೇ ಅದು ಬಲ ಕೊಡೋದು, ಮಳೆಹನಿಯವರು ಆ ದಾರೀಲೇ ಇದಾರೆ.

ಸಿಗರೇಟಲ್ಲಿ ಹೋದ್ರೇನು ಗಮ್ಮಲ್ಲಿ ಹೋದ್ರೇನು ಅನ್ನೋದನ್ನ ಮಾತ್ರ ಒಪ್ಪೋಕಾಗಲ್ಲ. ದಮ್ ಎಳೆದ್ರೆ ನಿಕೋಟಿನ್ 10-20 ಸೆಕೆಂಡಲ್ಲಿ ಮೆದುಳಿಗೆ ಮುಟ್ಟತ್ತೆ. ಗಮ್ಮಲ್ಲಿ ಅದು ಕೆನ್ನೆಯ ಒಳಪೊರೆಯಿಂದ ನಿಧಾನಕ್ಕೆ ಇಳಿಯತ್ತೆ, ರಕ್ತದಲ್ಲಿ ಏರೋಕೆ 20-30 ನಿಮಿಷ ಬೇಕು, ಏರೋ ಮಟ್ಟನೂ ಕಡಿಮೆ. ಮೆದುಳಿಗೆ ಚಟ ಹತ್ತಿಸೋದ್ರಲ್ಲಿ ಆ ವೇಗಕ್ಕೆ ತುಂಬ ದೊಡ್ಡ ಪಾತ್ರ ಇದೆ. ಇನ್ನು ಕ್ಯಾನ್ಸರ್, ಹೃದಯ, ಶ್ವಾಸಕೋಶದ ಕಾಯಿಲೆ ತರೋದು ಮುಖ್ಯವಾಗಿ ಸುಟ್ಟ ಹೊಗೆ, ಅದ್ರಲ್ಲಿರೋ ಟಾರ್, ಕಾರ್ಬನ್ ಮೊನಾಕ್ಸೈಡ್, ಕ್ಯಾನ್ಸರ್ ತರೋ ಸುಮಾರು 70 ರಾಸಾಯನಿಕಗಳು. ಗಮ್ಮಲ್ಲಿ ಹೊಗೆ ಇಲ್ಲ.

ಕಂಪನಿ ಲಾಭದ ಮಾತು ಬಂತಲ್ಲ, ಗಮ್ ಹುಟ್ಟಿದ ಕಥೆನೂ ಹೇಳ್ಬಿಡ್ತೀನಿ. ಸಬ್‌ಮರೀನ್ ಒಳಗೆ ಸೇದೋ ಹಾಗಿಲ್ಲ, ಅಲ್ಲಿ ಇರೋ ನಾವಿಕರು ಬಾಯಲ್ಲಿಡೋ ತಂಬಾಕಿಗೆ ಹೋಗಿ ಸುಧಾರಿಸ್ಕೊತಾರೆ ಅಂತ ಸ್ವೀಡನ್ನಿನ ಕ್ಲೇಸ್ ಲುಂಡ್‌ಗ್ರೆನ್ ಅನ್ನೋರು ಗಮನಿಸಿ 1967ರಲ್ಲಿ ಊವೆ ಫೆರ್ನೋ ಅನ್ನೋ ವಿಜ್ಞಾನಿಗೆ ತಿಳಿಸಿದ್ರು. ಸೇದೋರಿಗೆ ನಿಕೋಟಿನ್ನನ್ನ ಬೇರೆ ದಾರೀಲಿ ಕೊಟ್ರೆ ಹೊಗೆ ಬಿಡಿಸ್ಬಹುದು ಅಂತ ಫೆರ್ನೋ ಈ ಗಮ್ ಮಾಡಿದ್ದು, 1978ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಮೊದ್ಲು ಒಪ್ಪಿಗೆ ಸಿಕ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು.

ಬಹಳ ಕಾಲ ಅಗಿದ್ರೆ ತೊಂದ್ರೆನಾ ಅಂತ ಕೇಳಿದ್ರಿ. ಪ್ಯಾಕ್ ಮೇಲೆ ಇರೋ 12 ವಾರದ ಲೆಕ್ಕ ಒಂದು ಮಾರ್ಗಸೂಚಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಇದನ್ನ ಪರಿಶೀಲಿಸಿ, ಸಿಗರೇಟಿಗೆ ವಾಪಸ್ ಹೋಗದೆ ಇರೋಕೆ ಇನ್ನೂ ಬೇಕು ಅನ್ಸಿದ್ರೆ ಡಾಕ್ಟರ್ ಕೇಳಿ ಮುಂದುವರಿಸ್ಬಹುದು ಅನ್ನೋ ಹಾಗೆ ಲೇಬಲ್ ಬದಲಾಯಿಸೋಕೆ ಹೇಳ್ತು. ಲಂಗ್ ಹೆಲ್ತ್ ಸ್ಟಡಿ ಅಂತ ಅಮೆರಿಕ, ಕೆನಡಾದಲ್ಲಿ ಸುಮಾರು 5,900 ಜನರ ದೊಡ್ಡ ಅಧ್ಯಯನ ಆಯ್ತು, ಅದ್ರಲ್ಲಿ ಗಮ್ ತಗೊಂಡವರನ್ನ 5 ವರ್ಷ ನೋಡಿದ್ರು, ಗಮ್ಮಿನಿಂದ ಹೃದಯದ ಕಾಯಿಲೆಗೆ ಆಸ್ಪತ್ರೆ ಸೇರೋದು ಹೆಚ್ಚಾಗಿ ಕಾಣ್ಲಿಲ್ಲ. ಹಾಗಂತ ಜೀವನ ಪೂರ್ತಿ ಅಗೀರಿ ಅಂತ ಹೇಳ್ತಿಲ್ಲ. ನಿಕೋಟಿನ್ ಹೃದಯದ ಬಡಿತ, ಬಿಪಿ ಸ್ವಲ್ಪ ಏರಿಸತ್ತೆ, ಗರ್ಭಿಣಿಯರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು ಡಾಕ್ಟರನ್ನ ಕೇಳದೆ ತಗೋಬಾರ್ದು. ಆದ್ರೆ ಗಮ್ ಮತ್ತು ಸಿಗರೇಟ್ ಎರಡರಲ್ಲಿ ಒಂದು ಅಂದ್ರೆ ಯೋಚನೆ ಮಾಡೋದೇ ಬೇಡ, ಗಮ್.

ದವಡೆ ನೋವು, ಬಿಕ್ಕಳಿಕೆ, ಎದೆ ಉರಿ ಮೂರೂ ಒಂದೇ ಕಡೆ ಬೆರಳು ತೋರಿಸ್ತಿವೆ, ಸಾದಾ ಚ್ಯೂಯಿಂಗ್ ಗಮ್ ಥರ ಬಿಡದೆ ಅಗೀತಿದೀರ. ಹಾಗೆ ಅಗಿದ್ರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗತ್ತೆ, ಅಲ್ಲಿಂದ ಹೋಗಿದ್ರಲ್ಲಿ ಹೆಚ್ಚಿನ ಪಾಲು ಲಿವರ್ರೇ ಒಡೆದು ಹಾಕತ್ತೆ, ಹೊಟ್ಟೆ ಉರಿ ಬರತ್ತೆ, ತಲುಬು ಮಾತ್ರ ತೀರಲ್ಲ, ಅದಕ್ಕೇ ಇನ್ನೊಂದು ಬೇಕು ಅನ್ಸೋದು. ನಾಲ್ಕೈದು ಸಲ ನಿಧಾನಕ್ಕೆ ಅಗೀರಿ, ನಾಲಿಗೆಗೆ ಖಾರ ಅಥವಾ ಚುರುಚುರು ಅಂತ ಗೊತ್ತಾದ ತಕ್ಷಣ ಕೆನ್ನೆ ಮತ್ತು ವಸಡಿನ ಮಧ್ಯೆ ಇಟ್ಟು ಸುಮ್ನಿರಿ. ಚುರುಚುರು ಹೋದ್ಮೇಲೆ ಮತ್ತೆ ಎರಡು ಸಲ ಅಗೀರಿ, ಇನ್ನೊಂದು ಕೆನ್ನೇಲಿಡಿ. ಹೀಗೆ ಅರ್ಧ ಗಂಟೆ. ಕಾಫಿ, ಹಣ್ಣಿನ ರಸ, ಕೂಲ್ ಡ್ರಿಂಕ್ ಕುಡಿದು 15 ನಿಮಿಷ ಆಗೋವರೆಗೂ ಗಮ್ ಹಾಕ್ಕೋಬೇಡಿ, ಅಗಿಯೋವಾಗಂತೂ ಕುಡೀಲೇಬೇಡಿ, ಹುಳಿ ಅಂಶ ಬಾಯಲ್ಲಿದ್ರೆ ನಿಕೋಟಿನ್ ಕೆನ್ನೆಯಿಂದ ಸರಿಯಾಗಿ ಒಳಗೆ ಹೋಗಲ್ಲ. ಇದೊಂದನ್ನ ಸರಿ ಮಾಡ್ಕೊಂಡ್ರೆನೇ ಎಷ್ಟೋ ಜನಕ್ಕೆ ದಿನಕ್ಕೆ ಎರಡು ಮೂರು ತಾನಾಗೇ ಕಡಿಮೆ ಆಗಿದ್ದು ನೋಡಿದೀನಿ.

ಬೆಳಗಿನ ಗಮ್ ಕೊನೆಗೆ ಅಂತ ಹಳೇಬೇರು ಹೇಳಿದ್ದಕ್ಕೆ ಕಾರಣನೂ ಇದೆ. ನಿಕೋಟಿನ್ ರಕ್ತದಲ್ಲಿ ಸುಮಾರು 2 ಗಂಟೆಗೆ ಅರ್ಧ ಆಗತ್ತೆ. ರಾತ್ರಿ 8 ಗಂಟೆ ಮಲಗಿದ್ರೆ ಅರ್ಧ, ಕಾಲು ಅಂತ ಇಳೀತಾ ಬಂದು ಬೆಳಗ್ಗೆ ಹೊತ್ತಿಗೆ ಬಹುತೇಕ ಖಾಲಿ. ಹಾಗಾಗಿ ಬೆಳಗ್ಗೆ ಮೈ ಕೇಳೋದು ನಿಜವಾದ ಬೇಡಿಕೆ. ಇನ್ನೊಂದು ಕಡೆಯಿಂದ ನೋಡಿದ್ರೆ, ನೀವು ದಿನಾ ರಾತ್ರಿ ನಿಕೋಟಿನ್ ಇಲ್ಲದೆ ಅಷ್ಟು ಗಂಟೆ ಕಳೀತಾನೇ ಇದೀರ.

ಅರ್ಧ ಮಾಡೋದು, ಸಾದಾ ಗಮ್ ಬೆರೆಸೋದು, ಎರಡು ಗಮ್ಮಿನ ನಡುವಿನ ಸಮಯ ಹಿಗ್ಗಿಸೋದು, ಅರ್ಧ ಗಂಟೆ ಬದಲು 10-15 ನಿಮಿಷಕ್ಕೆ ಉಗಿಯೋದು, ಇವು ನಾಲ್ಕೂ ನಡೆಯತ್ತೆ, ಯಾವ್ದು ಹಿಡಿಸತ್ತೋ ಅದು. ದಿನಕ್ಕೆ ಒಂದು ಎರಡಕ್ಕೆ ಬಂದ್ಮೇಲೆ ನಿಲ್ಸಿ.

ಸಂಜೆಗಾಳಿ ಉತ್ತರ:

ಪ್ಯಾಚ್ ಬಗ್ಗೆ ಕೇಳಿದ್ರಲ್ಲ ಸರ್, ನಾನು ಸಿಗರೇಟ್ ಬಿಟ್ಟಿದ್ದೇ ಪ್ಯಾಚ್ ಮೇಲೆ. 21, ಆಮೇಲೆ 14, ಆಮೇಲೆ 7 ಮಿಲಿಗ್ರಾಂ. ಅದ್ರ ದೊಡ್ಡ ಗುಣ ಏನು ಅಂದ್ರೆ ಬೆಳಗ್ಗೆ ಅಂಟಿಸಿದ್ರೆ ಆಯ್ತು, ಪದೇ ಪದೇ ಬಾಯಿಗೆ ಏನೋ ಹಾಕ್ಕೊಳೋದು, ಜೇಬು ತಡಕೋದು ಇರಲ್ಲ, ಕೈ ಬಾಯಿ ಅಭ್ಯಾಸ ತಪ್ಪತ್ತೆ. 24 ಗಂಟೆ ಇಟ್ಕೊಂಡಾಗ ಕನಸುಗಳು ಎಷ್ಟು ಜೋರಾಗಿ ಬರ್ತಿದ್ವು ಅಂದ್ರೆ ಎದ್ದ ಮೇಲೂ ಅದೇ ಗುಂಗಲ್ಲಿರ್ತಿದ್ದೆ, ಮಲಗೋವಾಗ ತೆಗೀರಿ ಅಂತ ನರ್ಸ್ ಹೇಳಿದ್ರು, ತೆಗೆದ್ಮೇಲೆ ಸರಿಹೋಯ್ತು. ಒಂದೇ ಜಾಗಕ್ಕೆ ದಿನಾ ಅಂಟಿಸಿದ್ರೆ ಚರ್ಮ ಕೆಂಪಾಗಿ ಕೆರೆಯತ್ತೆ, ಜಾಗ ಬದಲಾಯಿಸ್ತಿರ್ಬೇಕು.

ಇನ್ನೊಂದು ಹೇಳ್ಲೇಬೇಕು. ನಾನು 7ನ್ನ ತೆಗೆದ ಮೇಲೆ ಮೂರನೇ ದಿನ ಸುಮ್ಸುಮ್ನೆ ಅಳು ಬಂತು, ಕಾರಣನೇ ಇಲ್ಲ. ನನ್ನ ಜೀವನದಲ್ಲೇ ಏನೋ ತಪ್ಪಾಗಿದೆ ಅನ್ನಿಸಿತ್ತು. ಅದು ವಿತ್‌ಡ್ರಾವಲ್, ಅಂದ್ರೆ ನಿಕೋಟಿನ್ ನಿಂತಾಗ ಮೈ ಮನಸ್ಸು ಪಡೋ ಒದ್ದಾಟ, ಮೊದಲ ಎರಡು ಮೂರು ದಿನ ಜಾಸ್ತಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯತ್ತೆ ಅಂತ ಮೊದ್ಲೇ ಯಾರಾದ್ರೂ ಹೇಳಿದ್ರೆ ಅಷ್ಟು ಹೆದರ್ತಿರ್ಲಿಲ್ಲ. ಮನೆಯವರಿಗೂ ಮೊದ್ಲೇ ಹೇಳಿಡಿ ಸರ್, ಅವ್ರು ಗಮ್ ಬಗ್ಗೆ ಅಂದ ಮಾತು ಗೊತ್ತಿಲ್ಲದೆ ಅಂದಿದ್ದು, ಒಂದು ಸಲ ಕೂತು ವಿವರಿಸಿ, ನಿಮ್ಮ ಜೊತೆ ನಿಲ್ತಾರೆ.

ಮಳೆಹನಿ ಉತ್ತರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನೇರನುಡಿಯವರೇ, ನಿಮ್ಮ ಮಾತಿಗೆ ಬೇಜಾರಿಲ್ಲ, ನಿಮ್ಮಣ್ಣನಿಗೆ ಆಗಿದ್ದು ನಂಗೆ ಆಗ್ತಿಲ್ಲ ಅಷ್ಟೇ. ಕೆನ್ನೇಲಿಡೋ ವಿಷಯ ನಂಗೆ ಯಾರೂ ಹೇಳಿರ್ಲಿಲ್ಲ, ನಿನ್ನೆಯಿಂದ ಹಾಗೇ ಮಾಡ್ತಿದೀನಿ, ಬಿಕ್ಕಳಿಕೆ ಬಂದಿಲ್ಲ. ಚೀಟಿನೂ ಶುರು ಮಾಡಿದೀನಿ, ಕಂಪ್ಯೂಟರ್ ಮುಂದಿನವೇ ಹೆಚ್ಚು.

ಎರಡು ಪ್ರಶ್ನೆ ಉಳ್ಕೊಂಡಿದೆ. ಸಿಗರೇಟ್ ಬಿಟ್ಟಾಗ ತೂಕ ಏರಿತ್ತು, ಗಮ್ ಬಿಟ್ರೆ ಮತ್ತೆ ಏರತ್ತಾ? ಆಮೇಲೆ ಪೂರ್ತಿ ಬಿಟ್ಟ ಮೇಲೆ ಒಂದು ಸ್ಟ್ರಿಪ್ ಬ್ಯಾಗಲ್ಲಿ ಇಟ್ಕೊಂಡಿರಲಾ, ಇಲ್ಲ ಮನೇಲೇ ಇರ್ಬಾರ್ದಾ?

ಔಷಧಿಚೀಟಿ ಉತ್ತರ:

ತೂಕ ಸ್ವಲ್ಪ ಏರ್ಬಹುದು. ನಿಕೋಟಿನ್ ಹಸಿವು ತಗ್ಗಿಸತ್ತೆ, ಮೈ ಶಕ್ತಿ ಖರ್ಚು ಮಾಡೋದನ್ನ ಸ್ವಲ್ಪ ಹೆಚ್ಚಿಸತ್ತೆ, ಅದು ಹೋದಾಗ ಎರಡೂ ತಿರುಗತ್ತೆ. ಸಿಗರೇಟ್ ಬಿಟ್ಟವರಲ್ಲಿ ಮೊದಲ ವರ್ಷ ಸರಾಸರಿ 4-5 ಕೆಜಿ ಏರತ್ತೆ, ನೀವು ಅದನ್ನ ಈಗಾಗ್ಲೇ ದಾಟಿ ಬಂದಿದೀರ. ಗಮ್ ಇಳಿಸೋ ತಿಂಗಳುಗಳಲ್ಲೇ ದಿನಾ ನಡೆಯೋದು ಶುರು ಮಾಡ್ಕೊಳಿ, ತಲುಬು ಬಂದಾಗ ಹತ್ತು ನಿಮಿಷ ನಡೆದ್ರೆ ಅದೂ ತಗ್ಗತ್ತೆ. ಅದೇ ಹೊತ್ತಲ್ಲಿ ಪಥ್ಯನೂ ಹಿಡಿಯೋಕೆ ಹೋಗ್ಬೇಡಿ, ಎರಡು ಕಡೆಯಿಂದ ಮೈ ಹಿಂಡಿದ ಹಾಗಾಗತ್ತೆ.

ಪ್ಯಾಚ್‌ಗೆ ಹೋಗೋದಾದ್ರೆ ಡಾಕ್ಟರ್ ಹತ್ರ ಡೋಸ್ ಕೇಳಿ. 2 ಮಿಲಿಗ್ರಾಂ ಗಮ್ಮಲ್ಲಿ ಮೈಗೆ ಸೇರೋದು ಹೆಚ್ಚುಕಮ್ಮಿ ಅರ್ಧ ಅಷ್ಟೇ, ಹಾಗಾಗಿ ನಿಮ್ಮಂಥವರಿಗೆ ಸಾಮಾನ್ಯವಾಗಿ 21 ಜಾಸ್ತಿಯಾಗತ್ತೆ, ಅದಕ್ಕಿಂತ ಕೆಳಗಿನಿಂದ್ಲೇ ಶುರು ಮಾಡ್ಬೇಕಾಗತ್ತೆ. ಕೈ ಬಾಯಿ ಅಭ್ಯಾಸವೇ ದೊಡ್ಡ ತೊಂದ್ರೆ ಅಂತ ನಿಮ್ಮ ಚೀಟಿ ಹೇಳಿದ್ರೆ ಆ ದಾರಿ ಚೆನ್ನಾಗಿರತ್ತೆ.

ಇದನ್ನ ಓದ್ತಿರೋ ಬೇರೆಯವರಿಗೂ ಒಂದು ಮಾತು, ಇನ್ನೂ ಸಿಗರೇಟ್ ಬಿಟ್ಟಿಲ್ಲ, ಈಗ ಬಿಡೋಕೆ ಹೊರಟಿದೀವಿ ಅನ್ನೋರಿಗೆ. ಉಬ್ಬಸಕ್ಕೆ ಕೊಡೋ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡೋ ಕ್ಲೋಜಪಿನ್, ಓಲಾಂಜಪಿನ್ ಥರದ ಮಾತ್ರೆ ತಗೋತಿದ್ರೆ ಬಿಡೋಕೆ ಮುಂಚೆನೇ ಡಾಕ್ಟರಿಗೆ ಹೇಳಿ. ಹೊಗೆಯಲ್ಲಿರೋ ಕೆಲವು ರಾಸಾಯನಿಕಗಳಿಂದ ಲಿವರ್ ಈ ಔಷಧಿಗಳನ್ನ ಬೇಗ ಒಡೀತಿರತ್ತೆ, ಹೊಗೆ ನಿಂತಾಗ ಅವು ರಕ್ತದಲ್ಲಿ ಏರ್ತವೆ, ಡೋಸ್ ಕಡಿಮೆ ಮಾಡ್ಬೇಕಾಗ್ಬಹುದು. ಕಾಫಿನೂ ಹಾಗೇ, ಅಷ್ಟೇ ಕಪ್ ಕುಡಿದ್ರೂ ಕೆಫೀನ್ ಹೆಚ್ಚು ಹೊತ್ತು ಉಳಿಯತ್ತೆ, ನಿದ್ದೆ ಬರ್ತಿಲ್ಲ, ಎದೆ ಡವಡವ ಅನ್ನತ್ತೆ ಅಂತ ಬರೋ ಕೆಲವರಿಗೆ ಕಾಫಿ ಅರ್ಧ ಮಾಡಿ ಅಂದ್ರೆ ಸಾಕಾಗತ್ತೆ. ಇದು ನಿಕೋಟಿನ್ ಮಾಡೋ ಕೆಲ್ಸ ಅಲ್ಲ, ಹಾಗಾಗಿ ಗಮ್ ಬಿಡೋವಾಗ ಮಳೆಹನಿಯವರಿಗೆ ಈ ತೊಂದ್ರೆ ಬರಲ್ಲ.

ಹಳೇಬೇರು ಉತ್ತರ:

ಸ್ಟ್ರಿಪ್ ಬಗ್ಗೆ ನಾನು ಹೇಳ್ತೀನಿ. ಇಟ್ಕೊಳಿ. ಆದ್ರೆ ಜೇಬಲ್ಲಿ ಬೇಡ, ಟೇಬಲ್ ಮೇಲೂ ಬೇಡ, ಎದ್ದು ಹೋಗಿ ತೆಗೀಬೇಕಾದ ಕಡೆ ಇಡಿ, ಅಷ್ಟು ದೂರ ನಡೆಯೋದ್ರೊಳಗೆ ಎಷ್ಟೋ ಸಲ ತಲುಬು ಇಳಿದಿರತ್ತೆ. ತಲುಬು ಜೋರಾಗಿರೋದು ಕೆಲವೇ ನಿಮಿಷ. ನಾಳೆ ಯಾವತ್ತೋ ಒಂದು ಕೆಟ್ಟ ದಿನ ಬಂದು, ಪಕ್ಕದಲ್ಲಿರೋರು ಸಿಗರೇಟ್ ಚಾಚಿದ್ರು ಅಂದ್ಕೊಳಿ, ಆಗ ಆ ಒಂದು ಗಮ್ ಅಗಿಯೋದೇ ಸರಿ, ಅಗಿದ್ರೆ ಮತ್ತೆ ಮೊದ್ಲಿಂದ ಶುರು ಅಂತ ಲೆಕ್ಕ ಹಾಕ್ಬೇಡಿ, ಮಾರನೇ ದಿನ ಮತ್ತೆ ಸಾದಾ ಗಮ್ಮಿಗೆ ಬನ್ನಿ. ಮನೇಲಿ ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಇದ್ರೆ ಮಾತ್ರ ಸ್ಟ್ರಿಪ್ಪೂ, ಅಗಿದು ಉಗಿದದ್ದೂ ಅವಕ್ಕೆ ಸಿಗದ ಹಾಗೆ ನೋಡ್ಕೊಳಿ, ಉಗಿದ ಗಮ್ಮಲ್ಲೂ ನಿಕೋಟಿನ್ ಉಳಿದಿರತ್ತೆ, ಕಾಗದದಲ್ಲಿ ಸುತ್ತಿ ಮುಚ್ಚಳ ಇರೋ ಡಸ್ಟ್‌ಬಿನ್‌ಗೆ ಹಾಕಿ. ಚೀಟಿ ಒಂದು ವಾರ ಆದ್ಮೇಲೆ ಇಲ್ಲೇ ಹಾಕಿ, ಯಾವ್ದನ್ನ ಮೊದ್ಲು ತೆಗೀಬಹುದು ಅಂತ ಒಟ್ಟಿಗೆ ನೋಡೋಣ.